ಅಡುಗೆಮನೆಯ ಗೋಡೆಗೆ ಯಾವ ಬಣ್ಣವಿತ್ತು?

ಹಳೇ ಆಲ್ಬಮ್ಮಿನಲ್ಲಿ 1984ರ ಒಂದು ಫೋಟೋ. ತಮ್ಮನ ನಾಮಕರಣದ್ದು. ಹಾಸನದ ಮನೆಯ ನಡುಮನೆಯಲ್ಲಿ ತೊಟ್ಟಿಲ ಸುತ್ತ ಹದಿನಾಲ್ಕು ಜನ ನಿಂತಿದ್ದೇವೆ. ಮಗು ಒಂದನ್ನು ಬಿಟ್ಟು ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಅದು ನಮ್ಮ ಮನೆಯ ಮೊದಲ ಕಲರ್ ರೋಲು. ಈಗ ಇಡೀ ಫೋಟೋ ಕೆಂಪಡರಿದೆ. ಅಜ್ಜಿಯ ಮುಖ ಇಟ್ಟಿಗೆಯ ಹಾಗೆ, ಅಪ್ಪನ ಬಿಳಿ ಪಂಚೆ ತೆಳು ಗುಲಾಬಿ, ತೊಟ್ಟಿಲಿಗೆ ಕಟ್ಟಿದ ಮಾವಿನ ಸೊಪ್ಪು ಕಾಫಿಪುಡಿ ಬಣ್ಣ.

ಎಡಗಡೆ, ಚಿಕ್ಕಮ್ಮನ ಭುಜದ ಹಿಂದೆ, ಅಡುಗೆಮನೆಯ ಬಾಗಿಲು ಅರ್ಧ ತೆರೆದಿದೆ. ಒಳಗಿನ ಗೋಡೆ ಒಂದು ಬೆರಳಗಲ ಕಾಣುತ್ತದೆ. ಹದಿನೆಂಟು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಉಂಡವಳು ನಾನು. ಅದರ ಬಣ್ಣ ಯಾವುದೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ಅಮ್ಮನನ್ನು ಕೇಳಿದೆ. "ತೆಳು ನೀಲಿ ಕಣೇ. ಸುಣ್ಣಕ್ಕೆ ನೀಲಿ ಕಲಸಿ ಹೊಡೀತಿದ್ವಲ್ಲ" ಅಂದಳು. ಅಕ್ಕನಿಗೆ ಫೋನು ಮಾಡಿದೆ. "ನೀಲಿ ಎಲ್ಲಿಂದ ಬಂತು? ಹಸಿರು. ಅಪ್ಪ ಡಿಸ್ಟೆಂಪರ್ ಹೊಡೆಸಿದ್ರು, ಕೈಗೆಲ್ಲ ಹತ್ತೋದು" ಅಂದಳು. ಇಬ್ಬರದೂ ಖಚಿತವಾದ ದನಿ.

*

ಫೋಟೋ ಕೆಂಪಾಗುವುದೇಕೆ ಎಂದು ಓದಿದೆ. ಕಲರ್ ಪ್ರಿಂಟಿನಲ್ಲಿ ಒಂದರ ಮೇಲೊಂದು ಮೂರು ವರ್ಣಗಳ ಪದರ: ಸಯಾನ್, ಮೆಜೆಂಟಾ, ಹಳದಿ. ನೀಲಿಯನ್ನೂ ಹಸಿರನ್ನೂ ಕಾಣಿಸಲು ಸಯಾನ್ ಬೇಕೇ ಬೇಕು. ಎಪ್ಪತ್ತು, ಎಂಬತ್ತರ ದಶಕದ ಬಹಳಷ್ಟು ಕಾಗದಗಳಲ್ಲಿ ಈ ಸಯಾನ್ ತೀರಾ ದುರ್ಬಲವಾಗಿತ್ತು. ಆಲ್ಬಮ್ಮಿನ ಕತ್ತಲಲ್ಲಿ ಇಟ್ಟರೂ ತಾನಾಗಿ ಕರಗುತ್ತ ಹೋಗುತ್ತಿತ್ತು. ಮೆಜೆಂಟಾ, ಹಳದಿ ಉಳಿದವು. ಎರಡೂ ಸೇರಿದರೆ ಕೆಂಪು.

ಅಂದರೆ ಅಮ್ಮನ ನೀಲಿಗೂ ಅಕ್ಕನ ಹಸಿರಿಗೂ ಸಾಕ್ಷಿ ಹೇಳಬೇಕಾಗಿದ್ದ ವರ್ಣವೇ ಮೊದಲು ಹೋಗಿದೆ. ಉಳಿದ ಎರಡು ಈ ಜಗಳದಲ್ಲಿ ಯಾರ ಕಡೆಗೂ ನಿಲ್ಲಲಾರವು.

ಸಂಜೆ ಸಲೂನಿನ ಮುಂದೆ ಹಾದುಬರುವಾಗ ಗಾಜಿನ ಮೇಲೆ ಅಂಟಿಸಿದ ಹೇರ್‌ಸ್ಟೈಲಿನ ಪೋಸ್ಟರು ನೋಡಿದೆ. ಆ ಹುಡುಗರೆಲ್ಲ ನೀಲಿಗಟ್ಟಿದ್ದಾರೆ. ಅಲ್ಲಿ ಉಲ್ಟಾ: ಅಚ್ಚಿನ ಶಾಯಿಯಲ್ಲಿ ಬಿಸಿಲಿಗೆ ಹಳದಿ ಮತ್ತು ಮೆಜೆಂಟಾ ಮೊದಲು ಹೋಗುತ್ತವೆ, ಸಯಾನ್ ನಿಲ್ಲುತ್ತದೆ. ಬೀದಿಯಲ್ಲಿರುವುದು ನೀಲಿಯಾಗುತ್ತದೆ, ಬೀರುವಿನಲ್ಲಿರುವುದು ಕೆಂಪಾಗುತ್ತದೆ. ಹೆನ್ರಿ ವಿಲ್ಹೆಲ್ಮ್ ಎಂಬ ಅಮೆರಿಕನ್ ಸಂಶೋಧಕ ಕಲರ್ ಫೋಟೋ ಹೇಗೆ ಮಾಸುತ್ತದೆ ಎಂಬುದೊಂದನ್ನೇ ಹಿಡಿದು ವರ್ಷಾನುಗಟ್ಟಲೆ ಕೆಲಸ ಮಾಡಿ 1993ರಲ್ಲಿ ಏಳುನೂರು ಪುಟ ಮೀರಿದ ಪುಸ್ತಕ ತಂದರು. ಮಾಸುವುದರ ಬಗ್ಗೆ ಅಷ್ಟು ಪುಟಗಳು ಏಕೆ ಬೇಕಾದವೆಂದು ನನಗೀಗ ಅರ್ಥವಾಗುತ್ತಿದೆ.

*

ನಮ್ಮ ಮನೆಯಲ್ಲಿ ಯಾರೂ ಅಡುಗೆಮನೆ ಗೋಡೆಯ ಫೋಟೋ ತೆಗೆಯಲಿಲ್ಲ. ತೆಗೆಯುವ ಮಾತೇ ಇರಲಿಲ್ಲ. ರೋಲಿಗೆ ಮೂವತ್ತಾರು. ರೋಲಿಗೊಂದು ದುಡ್ಡು, ತೊಳೆಸಲು ಒಂದು, ಪ್ರಿಂಟ್ ಹಾಕಿಸಲು ಇನ್ನೊಂದು. ಆ ಮೂವತ್ತಾರರಲ್ಲಿ ಮನುಷ್ಯರು ಬರಬೇಕು, ಅದೂ ಹೊಸ ಬಟ್ಟೆಯಲ್ಲಿ. ಅದೇ ಸರಿ ಎಂದು ಈಗಲೂ ಅನ್ನಿಸುತ್ತದೆ.

ಹಾಗಿದ್ದರೆ ಮಿಸಿಸಿಪ್ಪಿಯಲ್ಲಿ ಬೆಳೆದ ವಿಲಿಯಂ ಎಗಲ್‌ಸ್ಟನ್ ಎಂಬ ಅಮೆರಿಕನ್ ಛಾಯಾಗ್ರಾಹಕ ಯಾಕೆ ಫ್ರೀಜರಿನ ಒಳಭಾಗದ ಫೋಟೋ ತೆಗೆದ?

*

ಸ್ನೇಹಿತೆ ಕೊಟ್ಟ ಪುಸ್ತಕ: 'ವಿಲಿಯಂ ಎಗಲ್‌ಸ್ಟನ್ಸ್ ಗೈಡ್'. ಮುಖಪುಟದಲ್ಲಿ ಮಕ್ಕಳ ಮೂರು ಗಾಲಿಯ ಸೈಕಲ್ಲು. ಹಿಂದೆ ಮೆಂಫಿಸ್ ಊರಿನ ಸಾಲುಮನೆಗಳು. ಕ್ಯಾಮೆರಾವನ್ನು ಹೆಚ್ಚುಕಮ್ಮಿ ನೆಲಕ್ಕೆ ಹಚ್ಚಿ ತೆಗೆದಿದ್ದಾರೆ. ಹಾಗಾಗಿ ತುಕ್ಕು ಹಿಡಿದ ಆ ಸೈಕಲ್ಲು ಮನೆಗಳಿಗಿಂತ ಎತ್ತರ. ಗಾಲಿಗಳ ನಡುವಿನ ಸಂದಿಯಲ್ಲಿ ದೂರದ ಒಂದು ಕಾರು ಸಣ್ಣದಾಗಿ ಕಾಣುತ್ತದೆ.

ಮೊದಲ ಸಲ ನೋಡಿದಾಗ ಪುಟ ತಿರುವಿದೆ. ಎರಡನೇ ಸಲ ನಿಂತೆ. ಆ ಎತ್ತರ ಯಾರದು? ಸೈಕಲ್ಲಿಂದ ಆಗತಾನೇ ಇಳಿದು ನೆಲದಲ್ಲಿ ಕೂತ ಮಗುವಿನ ಕಣ್ಣಿನ ಎತ್ತರ ಇರಬೇಕು ಎಂದುಕೊಂಡೆ. ಆದರೆ ಮಗು ಹೀಗೆ ಸೈಕಲ್ಲನ್ನು ನೋಡುತ್ತ ಕೂರುವುದಿಲ್ಲ, ಅದರ ಮೇಲೆ ಹತ್ತುತ್ತದೆ. ಬೆಕ್ಕಿನದೇ? ನಾಯಿಯದೇ? ಬರೆದಿಟ್ಟಿದ್ದೇನೆ, ಉತ್ತರ ಸಿಕ್ಕಿಲ್ಲ.

1976ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಗಲ್‌ಸ್ಟನ್ ಅವರ 75 ಚಿತ್ರಗಳ ಪ್ರದರ್ಶನ ತೆರೆಯಿತು. ಏರ್ಪಡಿಸಿದವರು ಜಾನ್ ಷಾರ್ಕೋವ್‌ಸ್ಕಿ. ಅದರಲ್ಲಿ 48 ಚಿತ್ರಗಳು ಈ ಪುಸ್ತಕಕ್ಕೆ ಬಂದವು. ಕಲೆಯೆಂದರೆ ಕಪ್ಪು ಬಿಳುಪು, ಕಲರ್ ಎಂದರೆ ಜಾಹೀರಾತು ಇಲ್ಲವೇ ಮನೆಯ ಹುಟ್ಟುಹಬ್ಬ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲ ಅದು. ಪತ್ರಿಕೆಗಳು ಹರಿಹಾಯ್ದವು. ನೀರಸ, ಬರಿದೇ ಸಾಮಾನ್ಯ ಎಂಬ ದೂರು. ಸಾಮಾನ್ಯ ಎನ್ನುವುದನ್ನು ಬೈಗುಳವಾಗಿ ಬಳಸಿದ್ದಾರಲ್ಲ, ಅಲ್ಲೇ ನಾನು ತಡವರಿಸುತ್ತೇನೆ. ಚಿತ್ರದಲ್ಲಿರುವುದು ಸಾಮಾನ್ಯ ಎಂಬುದು ಸರಿಯೇ. ಅದು ದೋಷವಾಗುವುದು ಯಾವಾಗ?

*

ಅದೇ ಮನುಷ್ಯನ 1973ರ ಇನ್ನೊಂದು ಚಿತ್ರ. ಮಿಸಿಸಿಪ್ಪಿಯ ಗ್ರೀನ್‌ವುಡ್ ಎಂಬಲ್ಲಿ ಒಂದು ಮನೆಯ ಸೂರು. ಇಡೀ ಸೂರಿಗೆ ಗಾಢ ಕೆಂಪು ಪೇಂಟು. ನಡುವೆ ಬರಿಯ ಬಲ್ಬು. ಬಲ್ಬಿನಿಂದ ಮೂರು ಬಿಳಿ ವೈರುಗಳು ಸೂರಿನ ಮೇಲೆ ಎಳೆದುಕೊಂಡು ಹೋಗಿವೆ. ಅಷ್ಟೇ.

ಇದನ್ನು ಅಮ್ಮನಿಗೆ ತೋರಿಸಿದೆ. "ವೈರಿಂಗ್ ಸರಿಯಾಗಿ ಮಾಡಿಲ್ಲ" ಅಂದಳು. ಆಮೇಲೆ ಬಹಳ ಹೊತ್ತು ನೋಡುತ್ತಲೇ ಇದ್ದಳು. "ಯಾಕೋ ಭಯ ಆಗತ್ತೆ ಕಣೇ, ಮುಚ್ಚಿಡು" ಅಂದಳು.

ಭಯಪಡುವಂಥದ್ದು ಆ ಚಿತ್ರದಲ್ಲಿ ಏನೂ ಇಲ್ಲ. ಒಂದು ಬಲ್ಬು, ಮೂರು ವೈರು. ಕೆಂಪನ್ನು ತೆಗೆದು ಕಪ್ಪು ಬಿಳುಪಿನಲ್ಲಿ ಕಲ್ಪಿಸಿಕೊಂಡೆ. ಅಮ್ಮ ಹೇಳಿದ ಹಾಗೆ ಕೆಟ್ಟ ವೈರಿಂಗು ಮಾತ್ರ ಉಳಿಯಿತು. ಹಾಗಾದರೆ ಭಯ ಇದ್ದದ್ದು ಬಣ್ಣದಲ್ಲಿ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲವೂ ಕೆಂಪೇ. ಅದರ ಮೇಲೆ ಬೇಸಿಗೆ ಮಧ್ಯಾಹ್ನ ಅಂಗಾತ ಮಲಗಿ ನಿದ್ದೆ ಹೋಗುತ್ತಿದ್ದೆವು. ಕಾಲ ಕೆಳಗಿನ ಕೆಂಪು ತಂಪಾಗಿತ್ತು. ತಲೆಯ ಮೇಲಿನ ಕೆಂಪು ಹೀಗೇಕೆ?

ಎಗಲ್‌ಸ್ಟನ್ ಈ ಪ್ರಿಂಟುಗಳನ್ನು ಹಾಕಿಸಿದ ಬಗೆಯನ್ನೂ ಬರೆದಿಟ್ಟುಕೊಳ್ಳಬೇಕು. ಡೈ ಟ್ರಾನ್ಸ್‌ಫರ್ ಎಂದು ಅದರ ಹೆಸರು. ಷಿಕಾಗೋದ ಲ್ಯಾಬೊಂದರ ದರಪಟ್ಟಿಯಲ್ಲಿ ಅವರ ಕಣ್ಣಿಗೆ ಬಿತ್ತಂತೆ, ಎಲ್ಲಕ್ಕಿಂತ ದುಬಾರಿಯ ಸಾಲಿನಲ್ಲಿ. ಸ್ಲೈಡಿನಿಂದ ಮೂರು ಬೇರೆ ಬೇರೆ ನೆಗೆಟಿವ್, ಅವುಗಳಿಂದ ಜೆಲಟಿನ್ನಿನ ಮೂರು ಅಚ್ಚು. ಒಂದನ್ನು ಸಯಾನ್‌ನಲ್ಲಿ, ಒಂದನ್ನು ಮೆಜೆಂಟಾದಲ್ಲಿ, ಒಂದನ್ನು ಹಳದಿಯಲ್ಲಿ ನೆನೆಸಿ ಒಂದಾದ ಮೇಲೊಂದು ಅದೇ ಕಾಗದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಒತ್ತಬೇಕು. ಪ್ರತಿ ಬಣ್ಣವನ್ನೂ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಜಾಹೀರಾತಿನವರು ಸಿಗರೇಟಿಗೂ ಕಾರಿಗೂ ಬಳಸುತ್ತಿದ್ದ ವಿಧಾನ. ಅದನ್ನು ಇವರು ತಂದು ಫ್ರೀಜರಿಗೆ, ಸ್ನಾನದ ಮನೆಯ ಹಸಿರು ಟೈಲ್ಸಿಗೆ, ಸೂರಿನ ಬಲ್ಬಿಗೆ ಕೊಟ್ಟರು. ಮದುವೆಯ ದಿನ ತೆಗೆಯುವ ರೇಷ್ಮೆ ಸೀರೆಯನ್ನು ಮಾಮೂಲಿ ಮಂಗಳವಾರ ಉಟ್ಟ ಹಾಗೆ. ಕೊಡಾಕ್ ಕಂಪನಿ 1990ರ ದಶಕದಲ್ಲಿ ಇದರ ಸಾಮಗ್ರಿ ಮಾಡುವುದನ್ನು ನಿಲ್ಲಿಸಿತು.

ಒಂದು ವಸ್ತುವಿಗೆ ಒಂದೇ ಕ್ಲಿಕ್, ಎರಡನೆಯದು ಇಲ್ಲ ಎನ್ನುವುದು ಅವರ ರೂಢಿ ಎಂದೂ ಓದಿದೆ.

*

ವಾಕರ್ ಇವಾನ್ಸ್ ದೊಡ್ಡ ಹೆಸರು. ಮೂವತ್ತರ ದಶಕದ ಅಮೆರಿಕದ ಬಡ ರೈತರ ಮನೆಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದವರು. ಕಲರ್ ಫೋಟೋ ಎಂದರೆ ಅಸಭ್ಯ ಎಂಬ ಕಟುಮಾತು ಅವರದು. ಅವರೇ ಕೊನೆಗಾಲದಲ್ಲಿ, 1973-74ರಲ್ಲಿ, ಪೋಲರಾಯ್ಡ್ ಕ್ಯಾಮೆರಾ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಕಲರ್ ಫೋಟೋ ತೆಗೆದರು. ಬೋರ್ಡು, ಬಾಗಿಲು, ರಸ್ತೆಯ ಮೇಲೆ ಬಳಿದ ಅಕ್ಷರ. 1975ರಲ್ಲಿ ತೀರಿಕೊಂಡರು. ಮನಸ್ಸು ಬದಲಾಯಿತೋ, ಕೈ ಸೋತು ಹಗುರದ ಕ್ಯಾಮೆರಾ ಬೇಕಾಯಿತೋ. ಎರಡೂ ಇರಬಹುದು.

*

ಭಾಷೆಯ ಕಡೆಯಿಂದ ಒಂದು ಗೊಂದಲ. ಕನ್ನಡಕ್ಕೂ ಬಣ್ಣದ ಮೇಲೆ ಅನುಮಾನವಿದೆ. ಬಣ್ಣದ ಮಾತು ನಂಬಬಾರದು. ಬಣ್ಣ ಕಟ್ಟಿ ಹೇಳುವವನು ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತಾನೆ. ಮೋಸಗಾರನ ಬಣ್ಣ ಬಯಲಾಗುತ್ತದೆ. ಬಣ್ಣ ಹಚ್ಚಿದವನು ವೇಷಧಾರಿ. ಇಷ್ಟಾದ ಮೇಲೂ ಕಂಡದ್ದನ್ನು ಕಂಡ ಹಾಗೆ ಹೇಳುವುದಕ್ಕೆ ನಮಗಿರುವ ಮಾತು 'ಬಣ್ಣಿಸು'. ವರ್ಣದಿಂದ ವರ್ಣನೆ, ಬಣ್ಣದಿಂದ ಬಣ್ಣನೆ. ಸುಳ್ಳಿಗೂ ನಿಜಕ್ಕೂ ಒಂದೇ ಬೇರು ಹೇಗೆ ಸಾಧ್ಯ?

ಇದನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ.

*

ನಲ್ಲಿಯ ಹತ್ತಿರ. ನೀರು ಬರುವುದು ಎರಡು ದಿನಕ್ಕೊಮ್ಮೆ, ಬೆಳಗ್ಗೆ ಆರಕ್ಕೆ. ಜನ ಐದಕ್ಕೇ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗಿಬಿಡುತ್ತಾರೆ. ಸಾಲಿನಲ್ಲಿ ನಿಲ್ಲುವುದು ಕೊಡ. ಹಸಿರು, ಹಸಿರು, ನೀಲಿ, ಮಾಸಿದ ಕಿತ್ತಳೆ, ಕೆಂಪು, ಮತ್ತೆ ಹಸಿರು. ನೀರು ಬಂದ ಕೂಡಲೇ ಒಬ್ಬಾಕೆ ಕೂಗಿದಳು: "ಆ ಗಿಳಿಹಸಿರು ಕೊಡ ಯಾರದ್ರೀ? ಮುಂದೆ ಯಾಕೆ ಬಂತು?" ಗಿಳಿಹಸಿರಿನವಳು ಬಂದಳು. ಜಗಳ ಶುರುವಾಯಿತು, ತೀರಿಯೂ ಹೋಯಿತು.

ಫೋನಿನಲ್ಲಿ ಫೋಟೋ ತೆಗೆದೆ. ಮನೆಗೆ ಬಂದು ಅದನ್ನೇ ಕಪ್ಪು ಬಿಳುಪು ಮಾಡಿದೆ. ಚೆನ್ನಾಗಿ ಕಂಡಿತು. ಒಂದು ಪತ್ರಿಕೆಯಲ್ಲಿ ಹಾಕಬಹುದಾದಷ್ಟು ಗಂಭೀರವಾಗಿ, ನೀರಿನ ಬವಣೆ ಎಂದು ಶೀರ್ಷಿಕೆ ಕೊಡಬಹುದಾದ ಹಾಗೆ. ಆದರೆ ಕೊಡಗಳೆಲ್ಲ ಒಂದೇ ಬೂದು. ಯಾವುದು ಯಾರದು ತಿಳಿಯುವುದಿಲ್ಲ. ಸರದಿಯೇ ಅಳಿಸಿಹೋಗಿದೆ. ಆ ಹೆಂಗಸು ಕೂಗಿದ ಮಾತಿಗೆ ಈ ಚಿತ್ರದಲ್ಲಿ ಅರ್ಥವೇ ಇಲ್ಲ.

ಬಣ್ಣ ಇಲ್ಲಿ ಅಲಂಕಾರಕ್ಕೆ ಇದ್ದದ್ದಲ್ಲ, ಕೆಲಸ ಮಾಡುತ್ತಿತ್ತು. ಹಾಲಿನ ಬೂತಿನಲ್ಲಿ ಯಾರೂ ಕೊಬ್ಬು ಎಷ್ಟು ಪರ್ಸೆಂಟು ಎನ್ನುವುದಿಲ್ಲ, "ನೀಲಿ ಎರಡು, ಆರೆಂಜ್ ಒಂದು" ಎನ್ನುತ್ತಾರೆ. ಅಕ್ಷರ ಬಾರದ ನನ್ನ ಅಜ್ಜಿ ಮಾತ್ರೆಗಳನ್ನು ಬಣ್ಣದಿಂದಲೇ ಗುರುತಿಸಿ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ಸೀರೆ ಅಂಗಡಿಯಲ್ಲಂತೂ ಬಣ್ಣಕ್ಕೆ ಸ್ವಂತ ನಿಘಂಟೇ ಇದೆ: ರಾಮಾ ಗ್ರೀನ್, ಎಂ.ಎಸ್. ಬ್ಲೂ, ಈರುಳ್ಳಿ ಸಿಪ್ಪೆ, ಕನಕಾಂಬರ, ಮಾವಿನ ಚಿಗುರು, ಬದನೆಕಾಯಿ. ಮಾವಿನ ಚಿಗುರು ಎಂದರೆ ಹಸಿರೂ ಅಲ್ಲ ಕೆಂಪೂ ಅಲ್ಲ. ಆ ನಾಲ್ಕೈದು ದಿನದ ಎಲೆಯನ್ನು ನೋಡಿದವರಿಗೆ ಮಾತ್ರ ಗೊತ್ತು. ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯ ಬಣ್ಣಕ್ಕೆ ಅವರದೇ ಹೆಸರು ನಿಂತಿದೆ.

ಇಷ್ಟು ಸೂಕ್ಷ್ಮವಾಗಿ ಬಣ್ಣಿಸಬಲ್ಲ ಅಮ್ಮನಿಗೆ, ಅಕ್ಕನಿಗೆ, ಗೋಡೆಯ ವಿಷಯ ಬಂದಾಗ ನೀಲಿ, ಹಸಿರು ಎಂಬ ಎರಡು ಮೋಟು ಪದಗಳು ಮಾತ್ರ ಯಾಕೆ ಸಿಕ್ಕವು?

*

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಮತ್ತೆ ನೋಡಿದೆ. ನನಗೆ ನೆನಪಿರುವುದೆಲ್ಲ ಕಪ್ಪು ಬಿಳುಪಿನವು. ಶಾಲೆಯ ಮಕ್ಕಳು, ಬೀದಿಯ ಜನ, ಕೆಲಸದ ನಡುವೆ ನಕ್ಕವರು. ದೊಡ್ಡ ಮನುಷ್ಯರ ಬೆನ್ನು ಹತ್ತಬೇಕಾದ ವೃತ್ತಿಯಲ್ಲಿದ್ದೂ ಸಾಮಾನ್ಯರ ಕಡೆಗೆ ಅವರ ಕಣ್ಣು ಹೊರಳುತ್ತಿತ್ತು. ಅಲ್ಲಿ ಬಣ್ಣ ಇಲ್ಲವೆಂದು ಒಮ್ಮೆಯೂ ಅನ್ನಿಸಲಿಲ್ಲ. ಮುಖ ಎಲ್ಲವನ್ನೂ ಹೇಳಿಬಿಡುತ್ತದೆ.

ಮುಖವಿದ್ದಲ್ಲಿ ಬಣ್ಣ ಬೇಡ, ವಸ್ತುವಿದ್ದಲ್ಲಿ ಬಣ್ಣ ಬೇಕು. ಹೀಗೊಂದು ಸೂತ್ರ ಬರೆದೆ. ಮರುದಿನ ಹೊಡೆದುಹಾಕಿದೆ. ಕಾರಣ ಹೆಲೆನ್ ಲೆವಿಟ್.

*

ಹೆಲೆನ್ ಲೆವಿಟ್ ನ್ಯೂಯಾರ್ಕಿನವರು. 1913ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಮೊದಲು ಕಪ್ಪು ಬಿಳುಪಿನಲ್ಲಿ ಬಡ ಬೀದಿಗಳ ಮಕ್ಕಳ ಆಟಗಳನ್ನು ತೆಗೆದರು. 1959 ಮತ್ತು 1960ರಲ್ಲಿ ಗುಗೆನ್‌ಹೈಮ್ ಅನುದಾನ ಸಿಕ್ಕಿತು. ಅದೇ ಬೀದಿಗಳಿಗೆ ಕಲರ್ ಫಿಲಂ ಹಾಕಿಕೊಂಡು ಹೋದರು. ಸುಮಾರು ಹತ್ತು ವರ್ಷದ ಮೇಲೆ, 1970ರಲ್ಲಿ, ಅವರ ಮನೆಗೆ ಕಳ್ಳ ನುಗ್ಗಿ ಆ ಕಲರ್ ಸ್ಲೈಡುಗಳನ್ನು ಹೆಚ್ಚುಕಮ್ಮಿ ಪೂರಾ ಹೊತ್ತುಕೊಂಡು ಹೋದ.

ಕಳ್ಳ ಅವನ್ನು ಏನು ಮಾಡಿದ? ಬೀದಿ ಮಕ್ಕಳ ಸ್ಲೈಡನ್ನು ಯಾರಿಗೆ ಮಾರುತ್ತಾನೆ? ದೀಪದ ಮುಂದೆ ಹಿಡಿದು ಒಂದನ್ನಾದರೂ ನೋಡಿರಬಹುದೇ? ಈ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಆಕೆ ಮತ್ತೆ ಬೀದಿಗೆ ಹೋದರು. ಎಲ್ಲವನ್ನೂ ಮೊದಲಿನಿಂದ. 1974ರಲ್ಲಿ ಅದೇ ಆಧುನಿಕ ಕಲಾ ಸಂಗ್ರಹಾಲಯ ಅವರ 40 ಕಲರ್ ಚಿತ್ರಗಳನ್ನು ಸ್ಲೈಡ್ ಪ್ರದರ್ಶನವಾಗಿ ತೋರಿಸಿತು. ಎಗಲ್‌ಸ್ಟನ್‌ಗಿಂತ ಎರಡು ವರ್ಷ ಮೊದಲು. ಅದಕ್ಕೂ ಹಿಂದೆ 1962ರಲ್ಲೇ ಅಲ್ಲಿ ಅರ್ನ್‌ಸ್ಟ್ ಹಾಸ್ ಅವರ ಕಲರ್ ಪ್ರದರ್ಶನವಾಗಿತ್ತು. ಎಗಲ್‌ಸ್ಟನ್‌ರಿಂದಲೇ ಎಲ್ಲ ಶುರುವಾಯಿತು ಎಂದು ಹಲವೆಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಗದ್ದಲ ಎಲ್ಲಿ ಎದ್ದಿತೋ ಅಲ್ಲಿಂದ ಎಣಿಕೆ ಶುರುಮಾಡುವ ಈ ಅಭ್ಯಾಸ ನನಗೆ ಬೇಸರ ತರುತ್ತದೆ.

ಲೆವಿಟ್ ಅವರ 1980ರ ಒಂದು ಚಿತ್ರ: ಪಾದಚಾರಿ ಕಟ್ಟೆಗೆ ಒತ್ತಿ ನಿಂತ ಹಸಿರು ಕಾರು. ಕಾರಿಗೂ ಕಟ್ಟೆಗೂ ನಡುವೆ ಒಬ್ಬ ಪುಟ್ಟ ಹುಡುಗಿ ಜೇಡದ ಹಾಗೆ ಕೈಕಾಲು ಅಗಲಿಸಿ ಬಗ್ಗಿದ್ದಾಳೆ. ಏನೋ ಉರುಳಿಹೋಗಿದೆ, ಹುಡುಕುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಅವಳ ಬೆತ್ತಲೆ ತೋಳು, ಕಾಲು, ಆ ಹಸಿರು. ಹಸಿರು ಇಲ್ಲದಿದ್ದರೆ ಅವಳು ಕಾರಿನ ನೆರಳಿನಲ್ಲಿ ಸೇರಿಹೋಗುತ್ತಿದ್ದಳು.

ಏನು ಉರುಳಿಹೋಗಿತ್ತು? ಗೋಲಿಯೇ, ನಾಣ್ಯವೇ?

*

ಸಾಲ್ ಲೈಟರ್ ಬಗ್ಗೆ ಸ್ವಲ್ಪವೇ. ಪಿಟ್ಸ್‌ಬರ್ಗಿನಿಂದ 1946ರಲ್ಲಿ ನ್ಯೂಯಾರ್ಕಿಗೆ ಬಂದದ್ದು ಚಿತ್ರ ಬರೆಯುವುದಕ್ಕೆ. 1952ರಿಂದ ಕೊನೆಯವರೆಗೂ ಒಂದೇ ಬೀದಿಯಲ್ಲಿ ಮನೆ. ಆ ಸುತ್ತಿನಲ್ಲೇ ತಿರುಗಿ ಮಂಜುಗಟ್ಟಿದ ಗಾಜು, ಹಿಮದಲ್ಲಿ ಕೆಂಪು ಕೊಡೆ ಇವನ್ನೆಲ್ಲ ತೆಗೆದರು. ಅವಧಿ ಮುಗಿದ ಫಿಲಂ ಅಗ್ಗಕ್ಕೆ ಸಿಗುತ್ತಿದ್ದುದರಿಂದ ಅದನ್ನೂ ಬಳಸುತ್ತಿದ್ದರು. ಬಣ್ಣ ತುಸು ದಿಕ್ಕು ತಪ್ಪಿ ಬರುತ್ತಿತ್ತು. ಹೆಚ್ಚಿನವು ಡಬ್ಬಿಗಳಲ್ಲೇ ಉಳಿದವು. 'ಅರ್ಲಿ ಕಲರ್' ಎಂಬ ಪುಸ್ತಕ ಬಂದದ್ದು 2006ರಲ್ಲಿ, ಅವರಿಗೆ ಎಂಬತ್ತು ದಾಟಿದ ಮೇಲೆ.

ಐವತ್ತು ವರ್ಷ ಡಬ್ಬಿಯಲ್ಲಿದ್ದ ಕೊಡೆ ಇನ್ನೂ ಕೆಂಪಗೇ ಇದೆ. ನಮ್ಮ ಅಜ್ಜಿಯ ಮುಖ ಯಾಕೆ ಇಟ್ಟಿಗೆಯಾಯಿತು?

*

ಕೊಡಾಕ್ರೋಮ್ ಫಿಲಮ್ಮಿನ ಬಗ್ಗೆ ಓದುತ್ತ ರಾತ್ರಿ ಬಹಳ ಹೊತ್ತಾಯಿತು. 1935ರಲ್ಲಿ ಬಂತು. ರೂಪಿಸಿದವರು ಇಬ್ಬರು ಸಂಗೀತಗಾರರು, ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಲಿಯೊಪೋಲ್ಡ್ ಗೊಡೊವ್‌ಸ್ಕಿ. ಇಬ್ಬರಿಗೂ ಒಂದೇ ಹೆಸರು. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಆ ಫಿಲಮ್ಮಿನಲ್ಲಿ ಬಣ್ಣ ತರುವ ದ್ರವ್ಯವೇ ಇರಲಿಲ್ಲ. ಬೇರೆ ಬೇರೆ ಬೆಳಕಿಗೆ ಓಗೊಡುವ ಕಪ್ಪು ಬಿಳುಪಿನ ಪದರಗಳಷ್ಟೇ. ಮೂರೂ ಬಣ್ಣ ಒಂದೊಂದಾಗಿ ಸೇರುತ್ತಿದ್ದುದು ತೊಳೆಯುವ ಹಂತದಲ್ಲಿ. ಆ ತೊಳೆತ ಎಷ್ಟು ಜಟಿಲವೆಂದರೆ ಮಾಮೂಲಿ ಸ್ಟುಡಿಯೋದವರು ಕೈಹಾಕುವ ಹಾಗಿರಲಿಲ್ಲ. ಹಾಗೆ ಬಂದ ಬಣ್ಣ ಕತ್ತಲಲ್ಲಿ ದಶಕಗಟ್ಟಲೆ ನಿಲ್ಲುತ್ತಿತ್ತು. 2009ರಲ್ಲಿ ತಯಾರಿಕೆ ನಿಂತಿತು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನದು. ಅಲ್ಲಿ 2010ರ ಡಿಸೆಂಬರ್ 30ಕ್ಕೆ ಕೊನೆಯ ರೋಲುಗಳನ್ನು ತೆಗೆದುಕೊಂಡರು.

ಬಟ್ಟೆ ತೊಳೆದರೆ ಬಣ್ಣ ಹೋಗುತ್ತದೆ. ಇದನ್ನು ತೊಳೆದರೆ ಬಣ್ಣ ಬರುತ್ತದೆ. ಅಮ್ಮನಿಗೆ ಹೇಳಬೇಕು.

ಇದೇ ಫಿಲಮ್ಮಿನಲ್ಲಿ ಅಮೆರಿಕದ ಸರ್ಕಾರಿ ಛಾಯಾಗ್ರಾಹಕರು 1939ರಿಂದ 1944ರ ನಡುವೆ ತೆಗೆದ ಸುಮಾರು 1,600 ಕಲರ್ ಚಿತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 1940ರಲ್ಲಿ ರಸೆಲ್ ಲೀ ನ್ಯೂ ಮೆಕ್ಸಿಕೋದ ಪೈ ಟೌನ್ ಎಂಬ ಸಣ್ಣ ಊರಿಗೆ ಹೋಗಿ ತೆಗೆದವು ಅದರಲ್ಲಿವೆ. ಬಡ ರೈತ ಕುಟುಂಬ, ಮಕ್ಕಳ ಮೈಮೇಲೆ ಹೂವಿನ ಚಿತ್ತಾರದ ಬಟ್ಟೆ. ನೋಡಿದ ಕೂಡಲೇ ಏನೋ ತಪ್ಪಾಗಿದೆ ಅನ್ನಿಸಿತು. 1940ಕ್ಕೆ ಬಣ್ಣ ಇರಬಾರದು. ಆ ಬಡತನ ಬೂದು ಬಣ್ಣದ್ದಾಗಿಯೇ ನನ್ನ ತಲೆಯಲ್ಲಿತ್ತು. ಆ ಅಂಗಿಯ ಹೂವು ನೋಡಿದ ಮೇಲೆ ಅವರು ಹಳೆಯ ಕಾಲದವರಾಗಿ ಉಳಿಯಲಿಲ್ಲ. ಇವತ್ತು ಬೆಳಗ್ಗೆ ಆ ಅಂಗಿ ತೊಡಿಸಿ, ತಲೆ ಬಾಚಿ ತಾಯಿ ನಿಲ್ಲಿಸಿದ ಹಾಗೆ ಕಂಡರು.

ನಮ್ಮ ಅಜ್ಜಿಯ ಮದುವೆ ಫೋಟೋ ಕಪ್ಪು ಬಿಳುಪು. ಸೀರೆ ಯಾವ ಬಣ್ಣದ್ದೆಂದು ನಾನು ಅವಳನ್ನು ಕೇಳಲೇ ಇಲ್ಲ.

*

ರಘುಬೀರ್ ಸಿಂಗ್ (1942–1999) ಜೈಪುರದವರು. ಕಾಶಿ, ಕೋಲ್ಕತ್ತ, ಮುಂಬಯಿ, ಗಂಗೆ, ಕೇರಳ ಎಂದು ಊರೂರಿಗೆ ಒಂದೊಂದು ಪುಸ್ತಕ ಮಾಡಿದರು, ಎಲ್ಲವೂ ಕಲರ್. ಅಂಬಾಸಿಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳ ಚೌಕಟ್ಟಿನೊಳಗಿಂದ ಭಾರತವನ್ನು ತೆಗೆದದ್ದು ಅವರ ಕೊನೆಯ ಕೆಲಸಗಳಲ್ಲಿ ಒಂದು. 1998ರ 'ರಿವರ್ ಆಫ್ ಕಲರ್' ಪುಸ್ತಕದಲ್ಲಿ ಅವರ ವಾದ ಇದೆ: ಕಪ್ಪು ಬಿಳುಪು ಪಶ್ಚಿಮದ ತಳಮಳದಿಂದ ಬಂದದ್ದು, ರಜಪೂತ, ಮೊಘಲ್ ಚಿತ್ರಗಳನ್ನು ಬರೆದ ಈ ನೆಲದವರಿಗೆ ಲೋಕ ತಿಳಿಯುವುದೇ ಬಣ್ಣದಲ್ಲಿ.

ಅವರ ಚಿತ್ರಗಳನ್ನು ನಾನು ಪೂರಾ ಒಪ್ಪುತ್ತೇನೆ. ವಾದದಲ್ಲಿ ಅರ್ಧ. ಆ ಲೆವಿಟ್, ಆ ಲೈಟರ್ ಯಾವ ರಜಪೂತ ಚಿತ್ರ ನೋಡಿ ಬೆಳೆದವರು? ನಲ್ಲಿಯ ಬಳಿಯ ಗಿಳಿಹಸಿರಿಗೆ ರಾಜಸ್ಥಾನದ ಆಸ್ಥಾನ ಬೇಕಿಲ್ಲ. ಸತ್ಯನ್ ಅವರ ಮೈಸೂರೂ ನಮ್ಮದೇ ಕಣ್ಣು. ಆದರೂ ಒಬ್ಬ ಮನುಷ್ಯ ಎಲ್ಲರೂ ಕಪ್ಪು ಬಿಳುಪನ್ನೇ ಗೌರವಿಸುತ್ತಿದ್ದ ಕಾಲದಲ್ಲಿ ಬಣ್ಣ ನನ್ನ ತಾಯ್ನುಡಿ ಎಂಬಂತೆ ನಿಂತನಲ್ಲ, ಅದಕ್ಕೆ ಕೈ ಮುಗಿಯಬೇಕು.

*

ರಾತ್ರಿಯ ಫೋಟೋಗಳ ಹಸಿರು. ಎಂಬತ್ತರ ದಶಕದ ನಮ್ಮ ಆಲ್ಬಮ್ಮಿನಲ್ಲಿ ಫ್ಲ್ಯಾಶ್ ಇಲ್ಲದೆ ಟ್ಯೂಬ್‌ಲೈಟಿನಲ್ಲಿ ತೆಗೆದ ಎರಡು ಫೋಟೋ ಇವೆ. ಕೆಂಪಡರಿದ ಮೇಲೂ ನೆರಳುಗಳಲ್ಲಿ ಹಸಿರು ಛಾಯೆ. ಬಿಸಿಲಿಗೆಂದು ಮಾಡಿದ ಫಿಲಂ ಟ್ಯೂಬ್‌ಲೈಟನ್ನು ಹಸಿರಾಗಿ, ಬಲ್ಬನ್ನು ಕಿತ್ತಳೆಯಾಗಿ ದಾಖಲಿಸುತ್ತದೆ. ಕಣ್ಣು ಹಾಗಲ್ಲ. ಬಿಳಿ ಪಂಚೆ ಬಲ್ಬಿನ ಕೆಳಗೂ ಬಿಳಿ, ಟ್ಯೂಬ್‌ಲೈಟಿನ ಕೆಳಗೂ ಬಿಳಿ. ಮಿದುಳು ಒಳಗೇ ಸರಿಮಾಡಿಕೊಂಡು ನಮಗೆ ಹೇಳದೆ ಸುಮ್ಮನಿರುತ್ತದೆ.

ಅಂದರೆ ನಾವೆಲ್ಲ ಹಸಿರು ಬೆಳಕಿನಲ್ಲಿ ಕೂತು ಹೋಂವರ್ಕ್ ಮಾಡಿದ್ದೇವೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನ ಹಸಿರು ಗೋಡೆ ಅಲ್ಲಿಂದ ಬಂದಿರಬಹುದೇ? ಅವಳು ಓದುತ್ತಿದ್ದುದು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ. ಅಮ್ಮ ಗೋಡೆಯನ್ನು ಹೆಚ್ಚು ನೋಡಿದ್ದು ಬೆಳಗಿನ ಹೊತ್ತು, ಕಿಟಕಿಯ ಬೆಳಕಿನಲ್ಲಿ. ಆದರೆ ಕಣ್ಣು ಸರಿಮಾಡಿಕೊಳ್ಳುತ್ತದೆ ಎಂದು ಈಗಷ್ಟೇ ಬರೆದೆ. ಹಾಗಾದರೆ ಈ ಊಹೆ ನಿಲ್ಲುವುದಿಲ್ಲ.

*

ಫೋನಿನ ಕ್ಯಾಮೆರಾ. ಇದರೊಳಗಿನ ಸೆನ್ಸರಿನಲ್ಲಿ ಪ್ರತಿ ಚುಕ್ಕಿಗೂ ಒಂದೇ ಬಣ್ಣ ಕಾಣುತ್ತದಂತೆ. ಮೇಲೆ ಪುಟ್ಟ ಪುಟ್ಟ ಗಾಜಿನ ಹಾಸುಗಳ ಹಾಗೆ ಫಿಲ್ಟರುಗಳು: ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಬೆಳಕಿನ ಏರಿಳಿತವನ್ನು ನಮ್ಮ ಕಣ್ಣು ಹಸಿರಿನ ಹತ್ತಿರವೇ ಹೆಚ್ಚು ಗ್ರಹಿಸುವುದರಿಂದ ಹಸಿರಿಗೆ ಎರಡು ಪಾಲು. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಿ ತುಂಬುತ್ತದೆ. ಅಂದರೆ ನಾನು ತೆಗೆದ ಪ್ರತಿ ಫೋಟೋದಲ್ಲೂ ಮೂರರಲ್ಲಿ ಎರಡು ಪಾಲು ಬಣ್ಣ ಅಂದಾಜಿನದು. ಇದನ್ನು ರೂಪಿಸಿದ್ದು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್. ಪೇಟೆಂಟು ಸಿಕ್ಕಿದ್ದು 1976ರ ಜುಲೈನಲ್ಲಿ, ಎಗಲ್‌ಸ್ಟನ್ ಪ್ರದರ್ಶನ ಶುರುವಾದ ಎರಡು ತಿಂಗಳಿಗೆ.

ಅದಕ್ಕೂ ಸುಮಾರು ಎಪ್ಪತ್ತು ವರ್ಷ ಹಿಂದೆ, 1907ರಲ್ಲಿ, ಫ್ರಾನ್ಸಿನ ಲೂಮಿಯೇರ್ ಸಹೋದರರು ಮಾರಾಟಕ್ಕೆ ತಂದ ಆಟೋಕ್ರೋಮ್ ಗಾಜಿನಲ್ಲೂ ಹೀಗೇ: ಆಲೂಗಡ್ಡೆಯ ಗಂಜಿಯ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಉದುರಿಸಿದ್ದರು. ಒಂದು ಕಣಕ್ಕೆ ಒಂದೇ ಬಣ್ಣ. ರಂಗೋಲಿಯ ಪುಡಿಯ ಹಾಗೆ. ಅಡುಗೆಮನೆಯ ತರಕಾರಿಯಿಂದಲೇ ಬಂದದ್ದು ಎಂಬುದು ನನಗೆ ಬಹಳ ಇಷ್ಟವಾಯಿತು.

*

ಒಂದು ವಾರ ಎಗಲ್‌ಸ್ಟನ್ ರೂಢಿಯನ್ನು ಹಿಡಿದೆ. ದಿನಕ್ಕೊಂದು ವಸ್ತು, ಒಂದೇ ಕ್ಲಿಕ್. ಗ್ಯಾಸಿನ ಕಿತ್ತಳೆ ಪೈಪು. ನೀಲಿ ಡ್ರಮ್ಮು. ಬಾಗಿಲ ಹಿಂದೆ ನೇತುಹಾಕಿದ ಕೈಚೀಲಗಳು. ಸಿಂಕಿನಲ್ಲಿ ಬೀಟ್‌ರೂಟ್ ತೊಳೆದ ನೀರು. ನಾಲ್ಕನೇ ದಿನದ ಹೊತ್ತಿಗೆ ಕಷ್ಟವಾಗತೊಡಗಿತು. ವಸ್ತು ಸಿಗುತ್ತಿತ್ತು, ಆದರೆ ಅದನ್ನು ಅದಾಗಿಯೇ ಬಿಡಲು ಕೈ ಬಿಡುತ್ತಿರಲಿಲ್ಲ. ಚೀಲವೊಂದನ್ನು ಸರಿಸಿ, ಡ್ರಮ್ಮಿನ ಮೇಲಿನ ಬಟ್ಟೆ ತೆಗೆದು, ಚೆಂದ ಮಾಡಿ ತೆಗೆಯೋಣ ಎನ್ನುವ ಒತ್ತಡ. ಸರಿಸಿದ ಚಿತ್ರಗಳು ಕ್ಯಾಲೆಂಡರಿನ ಹಾಗಿವೆ. ಸರಿಸದೆ ಉಳಿದ ಎರಡರಲ್ಲಿ ಏನೋ ಇದೆ. ಏನು ಎಂದು ಬರೆಯಲು ಕೂತೆ, ಬರಲಿಲ್ಲ.

*

ಅಣ್ಣನ ಮನೆಯ ಅಟ್ಟದಲ್ಲಿ ನೆಗೆಟಿವ್ ಸಿಕ್ಕಿತು. 1984ರ ಅದೇ ರೋಲು, ನಾಲ್ಕು ನಾಲ್ಕಾಗಿ ಕತ್ತರಿಸಿ ಬೆಣ್ಣೆ ಕಾಗದದ ಕವರಿನಲ್ಲಿ. ಹಾಸನದಲ್ಲಿ ಸ್ಕ್ಯಾನ್ ಮಾಡುವವರ ಹತ್ತಿರ ಒಯ್ದೆ.

ಪರದೆಯ ಮೇಲೆ ಚಿತ್ರ ತೆರೆದುಕೊಂಡಿತು. ಅಜ್ಜಿಯ ಮುಖಕ್ಕೆ ಮುಖದ ಬಣ್ಣ ಬಂತು. ಮಾವಿನ ಸೊಪ್ಪು ಹಸಿರಾಯಿತು. ಅಲ್ಲೇ ಕಣ್ಣು ಒದ್ದೆಯಾಯಿತು, ಸ್ಟುಡಿಯೋದವರು ತಾವಾಗಿ ಫ್ಯಾನಿನ ಕಡೆ ತಿರುಗಿದರು. ಆಮೇಲೆ ಎಡಮೂಲೆ ದೊಡ್ಡದು ಮಾಡಿ ಎಂದೆ.

ಗೋಡೆ ತೆಳು ನೀಲಿ.

"ಇದು ನಿಜವಾದ ಬಣ್ಣವೇನ್ರೀ?" ಎಂದು ಕೇಳಿದೆ. "ಇದು ಆಟೋ ಮೇಡಂ. ನೆಗೆಟಿವ್ವೂ ಸ್ವಲ್ಪ ಮಾಸಿರ್ತದೆ. ಸಾಫ್ಟ್‌ವೇರು ಯಾವುದನ್ನ ಬಿಳಿ ಅಂತ ತಗೊಳತ್ತೋ ಅದರ ಮೇಲೆ" ಎಂದು ಅಪ್ಪನ ಪಂಚೆಯ ಮೇಲೆ ಒಂದು ಸಲ ಒತ್ತಿದರು. ಗೋಡೆ ಹಸಿರಿಗೆ ತಿರುಗಿತು. ತೊಟ್ಟಿಲ ಬಟ್ಟೆಯ ಮೇಲೆ ಒತ್ತಿದರು. ಮತ್ತೆ ನೀಲಿ. "ಯಾವುದು ಬಿಳಿ ಇತ್ತು ಅಂತ ನೀವು ಹೇಳಿದ್ರೆ ಮಾಡ್ಕೊಡ್ತೀನಿ" ಎಂದರು.

ಅಪ್ಪನ ಪಂಚೆಯನ್ನು ಅಮ್ಮ ನೀಲಿಯಲ್ಲಿ ಅದ್ದುತ್ತಿದ್ದಳು. ತೊಟ್ಟಿಲ ಬಟ್ಟೆ ಅಜ್ಜಿಯ ಹಳೇ ಸೀರೆಯದು. ಎರಡೂ ಅಚ್ಚ ಬಿಳಿಯಲ್ಲ.

ಎರಡನ್ನೂ ಪ್ರಿಂಟ್ ಹಾಕಿಸಿದೆ.

*

ಹಳೇ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹೊರಗೆ ನಿಂತು ನೋಡಿ ಬಂದೆ.

*

ಅಮ್ಮನ ಕೈಗೆ ಎರಡು ಪ್ರಿಂಟನ್ನೂ ಕೊಟ್ಟೆ. ಗೋಡೆಯನ್ನು ಅವಳು ನೋಡಲೇ ಇಲ್ಲ. ಚಿಕ್ಕಮ್ಮನ ಸೀರೆಯ ಮೇಲೆ ಬೆರಳಿಟ್ಟಳು. "ಇದು ಬದನೆಕಾಯಿ ಬಣ್ಣ. ನಾನೇ ಕೊಡ್ಸಿದ್ದು" ಅಂದಳು. ಆಮೇಲೆ ನನ್ನ ಬಲವಂತಕ್ಕೆ ಕನ್ನಡಕ ಏರಿಸಿಕೊಂಡು ಬಾಗಿಲ ಸಂದಿಯ ಆ ಬೆರಳಗಲದ ಗೋಡೆಯನ್ನು ಎರಡರಲ್ಲೂ ನೋಡಿದಳು.

"ಎರಡೂ ಅಲ್ಲ ಕಣೇ. ಹೆಸರುಕಾಳು ನೆನೆಸ್ತೀವಲ್ಲ, ಮಾರನೇ ದಿನ ಬೆಳಗ್ಗೆ ಆ ನೀರು ಇರತ್ತಲ್ಲ, ಆ ಬಣ್ಣ."

ಇವತ್ತು ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿದ್ದೇನೆ.